‘ಲಿಯೋನ್’ ಬ್ಲೂ-ರೇ ಡಿಸ್ಕ್: ಉದ್ದದ್ದು ಬೇಡ, ಗಿಡ್ಡದ್ದನ್ನೇ ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ನರ್ಸರಿ. ಅಡಿಕೆ ಸಸಿ, ಕರಿಮೆಣಸಿನ ಬಳ್ಳಿ, ಜಗಲಿಯಲ್ಲಿಡುವ ಎಲೆಗಿಡಗಳು. ತಮ್ಮ, ತಮ್ಮನ ಹೆಂಡತಿ ಇಬ್ಬರೂ ಹೋದ ಮೇಲೆ ಅವರ ಮಗಳು ನನ್ನ ಜೊತೆಗೇ ಬೆಳೆದವಳು. ಬರುವಾಗ ಅವಳಿಗೆ ಹನ್ನೊಂದು. ಈಗ ಮಂಗಳೂರಿನಲ್ಲಿ ಓದುತ್ತಾಳೆ. ಈ ಡಿಸ್ಕನ್ನು ರಜೆಗೆ ಬರುವಾಗ ತಂದವಳು ಅವಳೇ.

‘ಲಿಯೋನ್: ದ ಪ್ರೊಫೆಷನಲ್’ 1994ರ ಸಿನಿಮಾ, ನಿರ್ದೇಶಕ ಲುಕ್ ಬೆಸ್ಸೋನ್. ನ್ಯೂಯಾರ್ಕಿನಲ್ಲಿ ದುಡ್ಡಿಗೆ ಕೊಲೆ ಮಾಡುವವನು ಲಿಯೋನ್ (ಝಾನ್ ರೆನೋ). ಅದೇ ಕಟ್ಟಡದ ಹನ್ನೆರಡರ ಹುಡುಗಿ ಮಟಿಲ್ಡಾ. ಆ ಪಾತ್ರ ಮಾಡಿದ ನಟಾಲಿ ಪೋರ್ಟ್‌ಮನ್‌ಗೆ ಇದೇ ಮೊದಲ ಸಿನಿಮಾ. ಹುಡುಗಿ ಅಂಗಡಿಗೆ ಹೋಗಿದ್ದಾಗ ಒಬ್ಬ ಭ್ರಷ್ಟ ಅಧಿಕಾರಿ ಮತ್ತವನ ಜನ ಮನೆಯವರನ್ನೆಲ್ಲ ಕೊಲ್ಲುತ್ತಾರೆ, ನಾಲ್ಕು ವರ್ಷದ ತಮ್ಮನನ್ನೂ ಬಿಡುವುದಿಲ್ಲ. ಸಾಮಾನಿನ ಚೀಲ ಹಿಡಿದು ಬಂದವಳು ತನ್ನ ಮನೆಯ ಬಾಗಿಲು ದಾಟಿ ಹಾಗೇ ಮುಂದೆ ನಡೆದು ಲಿಯೋನನ ಬೆಲ್ ಒತ್ತುತ್ತಾಳೆ. ಅವನು ಒಳಗಿಂದ ನೋಡುತ್ತಾನೆ. ತೆರೆಯುವುದಿಲ್ಲ. ಅವಳು ಅಳುತ್ತಾ ಬೇಡುತ್ತಾಳೆ. ಕೊನೆಗೊಮ್ಮೆ ಬಾಗಿಲು ತೆರೆದು ಅವಳ ಮುಖದ ಮೇಲೆ ಬೆಳಕು ಬೀಳುತ್ತದಲ್ಲ, ಅಷ್ಟಕ್ಕೇ ಈ ಡಿಸ್ಕಿಗೆ ಕೊಟ್ಟ ದುಡ್ಡು ಸಂದಿತು. ಆ ಕತ್ತಲೆ, ಆ ಬೆಳಕು ಎರಡೂ ಚೊಕ್ಕವಾಗಿ ಕಾಣುತ್ತವೆ. ಮಗಳು ಅಲ್ಲಿಗೆ ಟಿವಿ ನಿಲ್ಲಿಸಿ ನೀರು ಕುಡಿದು ಬಂದಳು. ನಾನು ಏನೂ ಕೇಳಲಿಲ್ಲ.

ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ, ಮಲಯಾಳದಲ್ಲೂ ಇಲ್ಲ. ಇಂಗ್ಲಿಷಿನದನ್ನು ಅವಳು ಓದಿ ಹೇಳಿದಳು.

ನಮ್ಮ ಡಿಸ್ಕಿನಲ್ಲಿ ಎರಡು ಆವೃತ್ತಿಗಳಿವೆ. ಒಂದು ಸುಮಾರು 110 ನಿಮಿಷ, ಇನ್ನೊಂದು 133. ನಾವು ಎರಡನ್ನೂ ನೋಡಿದೆವು. ಉದ್ದದ್ದರಲ್ಲಿ ಹುಡುಗಿ ಅವನೊಟ್ಟಿಗೆ ಕೆಲಸಕ್ಕೂ ಹೋಗುತ್ತಾಳೆ. ಅವನ ಮೇಲಿನ ಅಕ್ಕರೆಯನ್ನು ದೊಡ್ಡವರ ಪ್ರೇಮದ ಮಾತಿನಲ್ಲಿ ಮತ್ತೆ ಮತ್ತೆ ಹೇಳುತ್ತಾಳೆ. ತಬ್ಬಲಿ ಮಗು ಸಿಕ್ಕಿದ ಆಸರೆಗೆ ಏನು ಹೆಸರಿಡಬೇಕೆಂದು ಗೊತ್ತಾಗದೆ ತಡಕಾಡುವುದು ನಿಜ. ನಮ್ಮ ಮಗಳು ಮೊದಲ ವರ್ಷ ನನ್ನನ್ನು ಅತ್ತೆ ಎಂದೂ ಕರೆಯಲಿಲ್ಲ, ಏನೆಂದೂ ಕರೆಯಲಿಲ್ಲ. ಆದರೆ ಆ ತಡಕಾಟವನ್ನು ಸಿನಿಮಾ ಮಾಡಿದ ದೊಡ್ಡವರು ಅಷ್ಟು ಹೊತ್ತು ನೋಡುತ್ತಾ ನಿಲ್ಲಬಾರದಿತ್ತು. ಗಿಡ್ಡದ್ದರಲ್ಲೂ ಅದರ ಛಾಯೆ ಇದೆ, ಅಲ್ಲಿಯೂ ನನಗೆ ಹಿಡಿಸಲಿಲ್ಲ. ರಕ್ತ, ಗುಂಡು ಬೇಕಾದಷ್ಟಿದೆ. ಮನೆಯ ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಹಾಕಬೇಡಿ.

ಗಿಡ್ಡದ್ದರಲ್ಲಿ ಉಳಿಯುವುದು ಇಬ್ಬರ ದಿನಚರಿ. ಅವನಿಗೆ ಓದಲು ಬಾರದು, ಅವಳು ಕಲಿಸುತ್ತಾಳೆ. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುವ, ಹಂದಿಮುಖದ ಕೈಗವಸಿಗೆ ಕೈ ತೂರಿಸಿ ಅವನು ಅವಳನ್ನು ನಗಿಸಲು ನೋಡುತ್ತಾನೆ. ಮನೆ ತುಂಬ ಸಾವು ಕಂಡ ಮಗುವಿನೆದುರು ಏನು ಮಾತಾಡಬೇಕೆಂದು ತಿಳಿಯದವರು ಹೀಗೇ ಮಾಡುತ್ತಾರೆ. ನಾನು ಆಗ ಬಾಳೆಎಲೆಯಲ್ಲಿ ಪೀಪಿ ಮಾಡಿ ಊದಿದ್ದೆ.

ಮತ್ತೆ ಅವನ ಚಟ್ಟಿಯ ಗಿಡ.

“ಅತ್ತೆ, ಇದು ನಮ್ಮಲ್ಲಿಪ್ಪದೇ ಅಲ್ಲದಾ?” ಎಂದಳು.

“ಅಪ್ಪು ಮಗಳೇ, ಅಗ್ಲೋನಿಮಾ.”

ಅವನು ಅದರ ಎಲೆಗಳನ್ನು ಒರೆಸುತ್ತಾನೆ. ಗಿಡ ಸಾಕಿ ಗೊತ್ತಿದ್ದವರ ಕೆಲಸ ಅದು; ಧೂಳು ಕೂತರೆ ಎಲೆಗೆ ಬೆಳಕು ತಾಗದು. ತುಂಡು ಕತ್ತರಿಸಿ ನೀರಿನ ಬಾಟಲಿಯಲ್ಲಿಟ್ಟರೂ ಬೇರು ಬಿಡುವ ಗಿಡ. ನಮ್ಮಲ್ಲಿ ತೋಟದ ನೆರಳಿಗೆ ನೆಟ್ಟರೆ ತನ್ನಷ್ಟಕ್ಕೆ ಹಬ್ಬುತ್ತದೆ, ನೇರ ಬಿಸಿಲು ಬಿದ್ದರೆ ಮಾತ್ರ ಎಲೆ ಸುಡುತ್ತದೆ. ನಿಜವಾಗಿ ಪ್ರೀತಿಯಿದ್ದರೆ ಅದನ್ನು ನೆಲಕ್ಕೆ ನೆಡು, ಬೇರು ಬಿಡಲಿ ಎಂದು ಹುಡುಗಿ ಅವನಿಗೆ ಹೇಳುತ್ತಾಳೆ. ಕೊನೆಗೆ ಶಾಲೆಯ ಅಂಗಳದಲ್ಲಿ ನೆಡುವವಳೂ ಅವಳೇ.

ಮಗಳು ಅತ್ತಳು. ನನ್ನ ಮನಸ್ಸು ಆ ಗಿಡದಲ್ಲೇ ಇತ್ತು. ಸೆಕೆಯ ನಾಡಿನ ಗಿಡ ಅದು, ಹಿಮ ಬಿದ್ದರೆ ಉಳಿಯುವುದಿಲ್ಲ.

“ಚಳಿ ಸುರು ಅಪ್ಪಂದ ಮದಲೇ ಅದರ ಚಟ್ಟಿಗೆ ತೆಗದು ಒಳ ಮಡುಗೆಕ್ಕು,” ಎಂದೆ.