ಗಿಟ್‌ನಲ್ಲಿ ಚೆಕ್‌ಔಟ್ ಬಿಟ್ಟು ಸ್ವಿಚ್, ರಿಸ್ಟೋರ್ ಹಿಡಿದ ಕಾರಣ

ತಂತ್ರಾಂಶದ ಫೈಲುಗಳಲ್ಲಾಗುವ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಬ್ರಾಂಚ್ (ಕೆಲಸದ ಪ್ರತ್ಯೇಕ ಕವಲು) ಬದಲಿಸಲು ನಾನೀಗ ‘ಗಿಟ್ ಸ್ವಿಚ್’ ಅನ್ನೂ ಫೈಲನ್ನು ಹಿಂದಿನ ಸ್ಥಿತಿಗೆ ತರಲು ‘ಗಿಟ್ ರಿಸ್ಟೋರ್’ ಅನ್ನೂ ಬಳಸುತ್ತೇನೆ. ಈ ಎರಡು ಕೆಲಸಗಳನ್ನೂ ಒಂದೇ ಹೆಸರಿನಲ್ಲಿ ಮಾಡುವ ‘ಗಿಟ್ ಚೆಕ್‌ಔಟ್’ ಅನ್ನು ಎರಡು ಸಂಜೆಗಳ ದುಡಿಮೆ ಕಳೆದುಕೊಂಡ ಮೇಲೆ ಕೈಬಿಟ್ಟೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ ಕುಳಿತು, ಅಡಕೆ ಖರೀದಿಯ ಲೆಕ್ಕವಿಡುವ ತಂತ್ರಾಂಶವೊಂದಕ್ಕೆ ಮಲಯಾಳದ ಜೊತೆಗೆ ಕನ್ನಡವನ್ನೂ ಸೇರಿಸುತ್ತಿದ್ದೆ. ಚಾಲಿ, ಪಟೋರ, ಕರಿಗೋಟು ಮುಂತಾದ ಅಡಕೆ ಬಗೆಗಳ ಹೆಸರುಗಳು ಬೆಳೆಗಾರರ ಬಾಯಲ್ಲಿರುವಂತೆಯೇ ಪರದೆಯ ಮೇಲೂ ಕಾಣಬೇಕೆಂದು ಒಂದೊಂದನ್ನೂ ಅವರಲ್ಲಿ ಕೇಳಿ ಬರೆದಿದ್ದೆ. ಅವೆಲ್ಲ ‘ಕನ್ನಡ’ ಎಂಬ ಫೋಲ್ಡರಿನ 3 ಫೈಲುಗಳಲ್ಲಿದ್ದವು. ಫೈಲುಗಳು ಮೊದಲೇ ಗಿಟ್‌ನಲ್ಲಿದ್ದರೂ ಹೊಸ ತಿದ್ದುಪಡಿ ಕಮಿಟ್ ಆಗಿರಲಿಲ್ಲ, ಅಂದರೆ ಗಿಟ್‌ನಲ್ಲಿ ದಾಖಲಾಗಿರಲಿಲ್ಲ. ಅದೇ ಹೆಸರಿನ ಬ್ರಾಂಚನ್ನು ಕಚೇರಿಯ ಕಂಪ್ಯೂಟರಿನಿಂದ ಸರ್ವರಿಗೆ ಪುಶ್ ಮಾಡಿದ್ದೆನಾದರೂ ಮನೆಯ ಲ್ಯಾಪ್‌ಟಾಪಿಗೆ ಫೆಚ್ ಮಾಡಿ ತಂದಿರಲಿಲ್ಲ. ಆ ಬ್ರಾಂಚಿಗೆ ಹೋಗಿ ಕಮಿಟ್ ಮಾಡೋಣವೆಂದು ‘ಗಿಟ್ ಚೆಕ್‌ಔಟ್ ಕನ್ನಡ’ ಎಂದು ಬರೆದೆ. ಅಂಥ ಬ್ರಾಂಚ್ ಕಾಣದ ಕಾರಣ ಗಿಟ್ ಅದನ್ನು ಫೋಲ್ಡರಿನ ಹೆಸರೆಂದು ತಿಳಿದು, ಮೂರೂ ಫೈಲುಗಳನ್ನು ಹಳೆಯ ರೂಪಕ್ಕೆ ತಂದು ಸುಮ್ಮನಾಯಿತು. ತಪ್ಪಾಗಿದೆ ಎಂಬ ಸೂಚನೆಯೇ ಇರಲಿಲ್ಲ. ಬ್ರಾಂಚುಗಳ ಹಿಂದಿನ ಸ್ಥಿತಿಗಳನ್ನು ನೆನಪಿಡುವ ರಿಫ್ಲಾಗಿನಲ್ಲಿ ಹುಡುಕಿದೆ, ಕಮಿಟ್ ಆದದ್ದನ್ನು ಮಾತ್ರ ಅದು ಮರಳಿಸಬಲ್ಲದು. ಕಮಿಟ್‌ಗೆ ಮುಂಚಿನ ಹೆಜ್ಜೆಯಾದ ‘ಗಿಟ್ ಆಡ್’ ಕೂಡ ಮಾಡದ ನನ್ನ ಪದಗಳು ಗಿಟ್‌ನೊಳಗೆ ಎಲ್ಲಿಯೂ ಉಳಿದಿರಲಿಲ್ಲ. ಬೆಳೆಗಾರರಿಗೆ ಮತ್ತೆ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕೇಳಬೇಕಾಯಿತು.

ಇದೇ ಸನ್ನಿವೇಶವನ್ನು ಬೇರೊಂದು ಪ್ರತಿಯಲ್ಲಿ ಕಟ್ಟಿ ‘ಗಿಟ್ ಸ್ವಿಚ್ ಕನ್ನಡ’ ಎಂದು ಬರೆದಾಗ, ಅಂಥ ಬ್ರಾಂಚ್ ಇಲ್ಲವೆಂದು ಗಿಟ್ ಅಲ್ಲಿಯೇ ನಿಂತಿತು, ಫೈಲುಗಳನ್ನು ಮುಟ್ಟಲಿಲ್ಲ. ನನಗೆ ಇಷ್ಟೇ ಬೇಕಾಗಿತ್ತು.

ಹೊಸ ಬ್ರಾಂಚ್ ಮಾಡುವುದು ಚೆಕ್‌ಔಟ್, ಸ್ವಿಚ್ ಎರಡರಲ್ಲಿಯೂ ಅಷ್ಟೇ ಸುಲಭ. ರಿಸ್ಟೋರ್ ಕೂಡ ಕಮಿಟ್ ಆಗದ ತಿದ್ದುಪಡಿಯನ್ನು ಕೇಳದೆಯೇ ಅಳಿಸುತ್ತದೆ. ಆದರೆ ಅದನ್ನು ಬರೆಯುವಾಗ ಅಳಿಸಲು ಹೊರಟಿದ್ದೇನೆಂಬುದು ನನಗೆ ಗೊತ್ತಿರುತ್ತದೆ.

ಈ ಎರಡು ಆಜ್ಞೆಗಳು ಬಂದದ್ದು 2019ರ ಆಗಸ್ಟ್‌ನಲ್ಲಿ, ಗಿಟ್ 2.23ರೊಂದಿಗೆ. ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಉಬುಂಟು 18.04ರಲ್ಲಿ 2.17 ಇದ್ದುದರಿಂದ ಮೊದಲು ಅವು ಸಿಗಲೇ ಇಲ್ಲ. ಗಿಟ್ ಉಚಿತವಾದ್ದರಿಂದ ಹೊಸದಕ್ಕೆ ಡೇಟಾ ಬಿಟ್ಟರೆ ಬೇರೆ ಖರ್ಚಾಗಲಿಲ್ಲ.

ಪದೇಪದೇ ಕಮಿಟ್ ಮಾಡುವವರಿಗೆ, ಫೋಲ್ಡರಿಗೂ ಬ್ರಾಂಚಿಗೂ ಬೇರೆ ಬೇರೆ ಹೆಸರಿಡುವವರಿಗೆ ಚೆಕ್‌ಔಟ್ ಸಾಕಾಗಬಹುದು. ಅಪರೂಪಕ್ಕೆ ಕಮಿಟ್ ಮಾಡುವ ನನಗೆ ಸ್ವಿಚ್ ಮತ್ತು ರಿಸ್ಟೋರ್ ಇರಲೇಬೇಕು. ಗ್ರಾಹಕರ ಸರ್ವರಿನಲ್ಲಿ ಈಗಲೂ ಹಳೆಯ ಗಿಟ್ ಇರುವುದರಿಂದ ಅಲ್ಲಿ ಮಾತ್ರ ಚೆಕ್‌ಔಟ್ ಬಳಸಿ, ಬ್ರಾಂಚಿನ ಹೆಸರಿನ ಬಳಿಕ ಸ್ವಲ್ಪ ಜಾಗ ಬಿಟ್ಟು ಎರಡು ಅಡ್ಡಗೆರೆ (--) ಹಾಕುತ್ತೇನೆ. ಆಗ ಗಿಟ್ ಅದನ್ನು ಫೋಲ್ಡರೆಂದು ಭಾವಿಸುವುದಿಲ್ಲ.