ಬೇಕೆಂದೇ ಬಿಟ್ ಕೆಡಿಸಿ ನೋಡಿದೆ: ಪ್ಯಾರಿಟಿ, ಇಸಿಸಿ, ಡಿಡಿಆರ್5, ಚಿಪ್‌ಕಿಲ್

ಹಳೆಯ ಫೋಟೊಗಳನ್ನೆಲ್ಲ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದ್ದೆ. ಎರಡೂ ಕಡೆಯ ಚೆಕ್‌ಸಮ್ (ಫೈಲಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಹೋಲಿಸಿದಾಗ ಮೂರು ಫೈಲ್ ತಾಳೆಯಾಗಲಿಲ್ಲ. ಡಿಸ್ಕ್ ಎರಡೂ ಚೆನ್ನಾಗಿದ್ದವು. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೇ ವಿಳಾಸದಲ್ಲಿ ಒಂದೇ ಬಿಟ್ ಮತ್ತೆ ಮತ್ತೆ ತಪ್ಪಿತ್ತು. ಅಷ್ಟು ದಿನ ಕಂಪ್ಯೂಟರ್ ಒಮ್ಮೆಯೂ ನಿಂತಿರಲಿಲ್ಲ, ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಎಷ್ಟು ತಿಂಗಳಿಂದ ಹೀಗೆ ನಡೆದಿತ್ತೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಒಂದು ಪ್ರೋಗ್ರಾಂ ಬರೆದೆ. ಬೇರೆ ಬೇರೆ ಮೆಮೊರಿ ವಿನ್ಯಾಸಗಳಲ್ಲಿ ಬೇಕೆಂದೇ ಬಿಟ್‌ಗಳನ್ನು ಕೆಡಿಸಿ (0 ಇದ್ದದ್ದನ್ನು 1, 1 ಇದ್ದದ್ದನ್ನು 0 ಮಾಡಿ), ಯಾವುದು ತಪ್ಪನ್ನು ಹಿಡಿಯುತ್ತದೆ, ಯಾವುದು ತಿದ್ದುತ್ತದೆ, ಯಾವುದು ಮೋಸಹೋಗುತ್ತದೆ ಎಂದು ಎಣಿಸಿದೆ. ಜೊತೆಗೆ ಇಸಿಸಿ, ಅಂದರೆ ತಪ್ಪು ತಿದ್ದುವ ಕೋಡ್ ಇರುವ ಮೆಮೊರಿ ಹಾಕಿದ ಒಂದು ಯಂತ್ರವನ್ನೂ ಜೋಡಿಸಿದೆ.

ಪ್ಯಾರಿಟಿಯದು ಸರಳ ಲೆಕ್ಕ. 8 ಬಿಟ್‌ಗೆ ಕಾವಲಾಗಿ ಒಂದು ಬಿಟ್. ಒಟ್ಟು 1ಗಳ ಎಣಿಕೆ ಸಮವೋ ಬೆಸವೋ ಎಂಬುದನ್ನು ಅದು ಕಾಯುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇದೇ ಇತ್ತು. ತಪ್ಪು ಕಂಡರೆ ಯಂತ್ರ ಕೆಲಸ ನಿಲ್ಲಿಸಿಬಿಡುತ್ತಿತ್ತು. ನನ್ನ ಪರೀಕ್ಷೆಯಲ್ಲಿ 9 ಜಾಗದಲ್ಲಿ ಎಲ್ಲಿ ಒಂದು ಬಿಟ್ ಕೆಡಿಸಿದರೂ ಸಿಕ್ಕಿಬಿತ್ತು. ಎರಡು ಕೆಡಿಸಿದಾಗ ಸಮ-ಬೆಸ ಬದಲಾಗುವುದಿಲ್ಲ, ಹಾಗಾಗಿ 36 ಜೋಡಿಗಳಲ್ಲಿ ಒಂದೂ ಸಿಗಲಿಲ್ಲ. ಇದು ತಿದ್ದಲಾರದು, ಆದರೂ ಏನೂ ಇಲ್ಲದ ಮೆಮೊರಿಗಿಂತ ಎಷ್ಟೋ ವಾಸಿ.

ಇಸಿಸಿಯ ಕಥೆ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಗುತ್ತದೆ. ಅಲ್ಲಿನ ರಿಲೇ ಕಂಪ್ಯೂಟರ್ ವಾರಾಂತ್ಯದಲ್ಲಿ ತಪ್ಪು ಕಂಡ ಕೂಡಲೇ ಆ ಕೆಲಸವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪು ಇದೆ ಅಂತ ಗೊತ್ತಾಗುವುದಾದರೆ, ಎಲ್ಲಿದೆ ಅಂತ ಯಾಕೆ ಗೊತ್ತಾಗಬಾರದು ಎಂದು ಅಲ್ಲಿನ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಕೇಳಿಕೊಂಡರು. ಅವರ ಪ್ರಬಂಧ ಬಂದದ್ದು 1950ರಲ್ಲಿ. ಒಂದೊಂದು ಬಿಟ್ ಬೇರೆ ಬೇರೆ ಪ್ಯಾರಿಟಿ ಗುಂಪುಗಳಲ್ಲಿ ಸೇರಿರುತ್ತದೆ. ಯಾವ ಯಾವ ಗುಂಪಿನ ಲೆಕ್ಕ ತಪ್ಪಿತು ಎಂದು ನೋಡಿದರೆ ಕೆಟ್ಟ ಬಿಟ್ಟಿನ ವಿಳಾಸವೇ ಸಿಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ!

ಸರ್ವರ್‌ಗಳ ಸಾಮಾನ್ಯ ಇಸಿಸಿಯಲ್ಲಿ 64 ಬಿಟ್‌ಗೆ 8 ಕಾವಲು ಬಿಟ್, ಒಟ್ಟು 72. ಇಂಥ ಒಂದು ಗುಂಪಿಗೆ ‘ಪದ’ ಎನ್ನುತ್ತಾರೆ. ಒಂದೊಂದೇ ಬಿಟ್ ಕೆಡಿಸಿದಾಗ 72ಕ್ಕೆ 72 ಸಲವೂ ತಿದ್ದಿತು. ಎರಡೆರಡು ಕೆಡಿಸಿದಾಗ 2,556 ಜೋಡಿಗಳನ್ನೂ ಹಿಡಿಯಿತು. ಅವನ್ನು ತಿದ್ದಲಿಲ್ಲ, ಆದರೆ ಕೆಟ್ಟಿದೆ ಎಂದು ಸ್ಪಷ್ಟವಾಗಿ ಹೇಳಿತು. ಮೂರು ಮೂರು ಕೆಡಿಸಿದಾಗ ಮಾತ್ರ ನನಗೆ ಬೆವರು ಬಂತು. ಅಂಥ 59,640 ಗುಂಪುಗಳಲ್ಲಿ ಅರ್ಧಕ್ಕೂ ಜಾಸ್ತಿ ಸಲ ಅದು ಒಂದೇ ತಪ್ಪು ಎಂದು ನಂಬಿ, ಸರಿಯಾಗಿದ್ದ ನಾಲ್ಕನೇ ಬಿಟ್ಟನ್ನೂ ಕೆಡಿಸಿತು. ಮೇಲಾಗಿ, ತಿದ್ದಿದೆ ಎಂದು ವರದಿಯನ್ನೂ ಕೊಟ್ಟಿತು.

ಈಗ ಡಿಡಿಆರ್5, ಅಂದರೆ ಡಿಡಿಆರ್4ರ ನಂತರದ ತಲೆಮಾರಿನ ಮೆಮೊರಿ. ಇದರಲ್ಲಿ ಹೇಗಿದ್ದರೂ ಇಸಿಸಿ ಇದೆಯಲ್ಲ ಎಂದು ತುಂಬ ಜನ ನಂಬಿದ್ದಾರೆ, ಮೊದಲು ನಾನೂ ನಂಬಿದ್ದೆ. 2020ರಲ್ಲಿ ಬಂದ ಈ ಮಾನದಂಡದಲ್ಲಿ ಚಿಪ್ಪಿನ ಒಳಗೇ 128 ಬಿಟ್‌ಗೆ 8 ಕಾವಲು ಬಿಟ್ ಇರುತ್ತವೆ. ಒಂದು ತಪ್ಪನ್ನು ತಿದ್ದುತ್ತದೆ. ಎರಡು ತಪ್ಪನ್ನು ಖಚಿತವಾಗಿ ಗುರುತಿಸುವಷ್ಟು ಜಾಗ ಅದರಲ್ಲಿಲ್ಲ. ಹ್ಯಾಮಿಂಗ್ ಕ್ರಮದಲ್ಲಿ 136 ಬಿಟ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದೆ. 9,180 ಜೋಡಿಗಳಲ್ಲಿ 8,109 ಸಲ ಅದು ಮೂರನೆಯ ಬಿಟ್ಟನ್ನೂ ಕೆಡಿಸಿತು! ಜೋಡಣೆ ಬದಲಿಸಿದರೆ ಈ ಸಂಖ್ಯೆ ಬದಲಾಗುತ್ತದೆ, ಚಿಪ್ ತಯಾರಕರು ಬೇರೆ ಜೋಡಣೆ ಬಳಸಬಹುದು. ಹಾಗಿದ್ದರೂ ಕೊರತೆ ಕೊರತೆಯೇ. ಇನ್ನೊಂದು ವಿಷಯ, ಚಿಪ್ಪಿನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಬಿಟ್ ಕೆಟ್ಟರೆ ಈ ಕಾವಲಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕದಾಗುತ್ತಾ ಹೋಗಿರುವ ಕೋಶಗಳ ಸಣ್ಣಪುಟ್ಟ ದೋಷಗಳನ್ನು ಒಳಗೊಳಗೇ ಸರಿದೂಗಿಸುವುದು ಇದರ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತದೆ. ಪೂರ್ತಿ ಕಾವಲು ಬೇಕೆಂದರೆ ಡಿಡಿಆರ್5ನಲ್ಲೂ ಇಸಿಸಿ ಮಾಡ್ಯೂಲನ್ನೇ (ಚಿಪ್‌ಗಳನ್ನು ಕೂರಿಸಿದ ಮೆಮೊರಿ ಪಟ್ಟಿ) ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು.

ಇಲ್ಲಿಯವರೆಗೆ ನಾನು ಬಿಟ್‌ಗಳನ್ನು ಎಲ್ಲೆಂದರಲ್ಲಿ ಕೆಡಿಸುತ್ತಿದ್ದೆ. ನಿಜವಾದ ಮೆಮೊರಿ ಹಾಗೆ ಕೆಡುವುದಿಲ್ಲ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ 8 ಶೇಕಡಕ್ಕೂ ಹೆಚ್ಚು ಮಾಡ್ಯೂಲ್‌ಗಳಲ್ಲಿ ತಪ್ಪು ಕಂಡಿತ್ತು. ಆ ತಪ್ಪುಗಳಲ್ಲಿ ಹಾರ್ಡ್‌ವೇರ್ ಕೆಟ್ಟು ಮತ್ತೆ ಮತ್ತೆ ಬರುವಂಥವೇ ಹೆಚ್ಚು. ನನ್ನ ಫೋಟೊಗಳಿಗೆ ಆದದ್ದೂ ಅದೇ. ಚಿಪ್ಪಿನೊಳಗಿನ ಕೋಶಗಳ ಅಡ್ಡ ಸಾಲು ಕೆಡುತ್ತದೆ, ಉದ್ದ ಸಾಲು ಕೆಡುತ್ತದೆ, ಕೆಲವೊಮ್ಮೆ ಇಡೀ ಚಿಪ್ಪೇ ಕೈಕೊಡುತ್ತದೆ. ಒಂದೇ ಚಿಪ್ಪಿನ ನಾಲ್ಕೋ ಎಂಟೋ ಬಿಟ್ ಒಂದೇ ಪದದಲ್ಲಿ ಕೂತಿದ್ದರೆ ಸಾಮಾನ್ಯ ಇಸಿಸಿ ಏನು ಮಾಡೀತು?

ಇಡೀ ಚಿಪ್ ಕೆಟ್ಟರೂ ತಡೆದುಕೊಳ್ಳುವ ಚಿಪ್‌ಕಿಲ್ ಎಂಬ ವಿನ್ಯಾಸದ ಜಾಣತನ ಇಲ್ಲಿದೆ. ಐಬಿಎಂ ಇದನ್ನು ಸರ್ವರ್‌ಗಳಿಗೆ ತಂದದ್ದು 1990ರ ದಶಕದಲ್ಲಿ. ಒಂದು ಬಗೆಯಲ್ಲಿ ಕೋಡ್ ಅದೇ ಹಳೆಯದು, ಬದಲಾಗುವುದು ಹಂಚಿಕೆ. 4 ಬಿಟ್ ಕೊಡುವ 72 ಚಿಪ್‌ಗಳಿರುತ್ತವೆ. ಪ್ರತಿ ಚಿಪ್ಪಿನ ನಾಲ್ಕು ಬಿಟ್ ನಾಲ್ಕು ಬೇರೆ ಪದಗಳಿಗೆ ಹೋಗುತ್ತವೆ. ಆಗ ಇಡೀ ಚಿಪ್ ಸತ್ತರೂ ಒಂದು ಪದಕ್ಕೆ ಒಂದೇ ಬಿಟ್ ನಷ್ಟ! 72 ಚಿಪ್‌ಗಳನ್ನು ಒಂದೊಂದಾಗಿ, ತಲಾ 15 ರೀತಿಯಲ್ಲಿ ಕೆಡಿಸಿದೆ. 1,080 ಸಲವೂ ದತ್ತಾಂಶ ಸರಿಯಾಗಿಯೇ ಬಂತು. ಅದೇ ಹಳೆಯ ಕೋಡ್, ಅದೇ 64ಕ್ಕೆ 8ರ ಖರ್ಚು. ಆ ಸಂಜೆ ತುಂಬ ಖುಷಿಯಾಯಿತು. ತೊಂದರೆ ಎಂದರೆ ಪ್ರತಿ ಓದಿಗೂ 72 ಚಿಪ್ ಎಚ್ಚರವಾಗಬೇಕು, ವಿದ್ಯುತ್ ಜಾಸ್ತಿ. ನಾಲ್ಕು ಬಿಟ್ಟನ್ನು ಒಂದೇ ಅಕ್ಷರ ಎಂದು ಎಣಿಸಿ ತಿದ್ದುವ ಕೋಡ್ ಬಳಸಿದರೆ 36 ಚಿಪ್ ಸಾಕು: 128 ಬಿಟ್‌ಗೆ 16 ಕಾವಲು. ನಾನಾಗಿದ್ದರೆ ಇದನ್ನೇ ಆರಿಸುತ್ತೇನೆ.

ಮೆಮೊರಿಯನ್ನೇ ಎರಡು ಪ್ರತಿ ಇಡುವ ಮಿರರಿಂಗ್ ಕೂಡ ಇದೆ. ಅರ್ಧ ಜಾಗ ಹೋಗುತ್ತದೆ, ಹಾಗಾಗಿ ಅದರತ್ತ ಹೋಗಲಿಲ್ಲ.

ಕೊನೆಗೆ ಮನೆಯ ಯಂತ್ರದಲ್ಲಿ ಸಾಮಾನ್ಯ ಇಸಿಸಿಯನ್ನೇ ಉಳಿಸಿಕೊಂಡಿದ್ದೇನೆ. ಮೆಮೊರಿಯ ಟೈಮಿಂಗ್ ಸ್ವಲ್ಪ ಬಿಗಿಮಾಡಿ ಬೇಕೆಂದೇ ತೊಂದರೆ ಕೊಟ್ಟು ನೋಡಿದೆ. ಲಿನಕ್ಸ್ ಲಾಗಿನಲ್ಲಿ ತಿದ್ದಿದ ತಪ್ಪುಗಳು ಸಾಲಾಗಿ ಬಂದವು, ಯಾವ ಸ್ಲಾಟ್ ಎಂಬ ಗುರುತಿನ ಸಮೇತ. ಸ್ಕ್ರಬ್ಬಿಂಗನ್ನೂ ಆನ್ ಮಾಡಿದ್ದೇನೆ. ಅದು ಬಿಡುವಿನಲ್ಲಿ ಇಡೀ ಮೆಮೊರಿಯನ್ನು ಓದಿ, ಒಂದು ತಪ್ಪು ಎರಡಾಗುವ ಮೊದಲೇ ತಿದ್ದಿಡುತ್ತದೆ. ಟೈಮಿಂಗ್ ಮೊದಲಿನಂತೆ ಮಾಡಿದ ಮೇಲೂ ವಾರಕ್ಕೊಮ್ಮೆ ಆ ಲಾಗ್ ತೆರೆದು ನೋಡುತ್ತೇನೆ. ಒಂದೇ ಸ್ಲಾಟಿನ ಹೆಸರು ಎರಡು ವಾರ ಕಂಡರೆ ಆ ಮಾಡ್ಯೂಲನ್ನು ತೆಗೆದುಹಾಕುತ್ತೇನೆ.