ರೂಮ್ ಬುಕಿಂಗ್ ಆ್ಯಪ್: ಕೋಲ್ವಾದ ಲಾಡ್ಜ್ ಮಾಲೀಕನ ಕಡೆಯಿಂದ ಐದಕ್ಕೆ ಮೂರು ಸ್ಟಾರ್

ನಾವು ಮೂಲತಃ ಕುಮಟಾದವರು. ಗೋವಾದ ಕೋಲ್ವಾದಲ್ಲಿ ಸಣ್ಣದೊಂದು ಲಾಡ್ಜ್ ನಡೆಸುತ್ತೇವೆ. ಬರುವವರಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯ ಕುಟುಂಬಗಳೇ ಹೆಚ್ಚು. 2019ರಿಂದ ಒಂದು ದೊಡ್ಡ ಬುಕಿಂಗ್ ಆ್ಯಪಿನಲ್ಲಿದ್ದೇವೆ. ಗಿರಾಕಿಗಳು ಬರೆದ ವಿಮರ್ಶೆಗಳು ಬೇಕಾದಷ್ಟಿವೆ, ಇದು ರೂಮು ಕೊಡುವವರದ್ದು.

ಮಳೆಗಾಲದಲ್ಲಿ ಖಾಲಿ ಬೀಳುತ್ತಿದ್ದ ರೂಮುಗಳು ಈಗ ಶನಿವಾರ, ಭಾನುವಾರ ತುಂಬುತ್ತವೆ. ದುಡ್ಡು ಹೇಳಿದ ದಿನಕ್ಕೆ ಖಾತೆಗೆ ಬೀಳುತ್ತದೆ. ಕಮಿಷನ್ ಜಾಸ್ತಿಯೇ. ಆದರೂ ಗಿರಾಕಿಯನ್ನು ತಂದುಕೊಟ್ಟವರಿಗೆ ಕೊಡಲು ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ದರದ ಷರತ್ತಿನ ಮೇಲೆ. ಅವರಲ್ಲಿ 2,000 ರೂಪಾಯಿ ಹಾಕಿದ ರೂಮನ್ನು ಬೇರೆ ಆ್ಯಪಿನಲ್ಲಾಗಲಿ, ನಮ್ಮದೇ ವೆಬ್‌ಸೈಟಿನಲ್ಲಾಗಲಿ ಅದಕ್ಕಿಂತ ಕಡಿಮೆಗೆ ಕೊಡುವಂತಿರಲಿಲ್ಲ. ಒಮ್ಮೆ ವೆಬ್‌ಸೈಟಿನಲ್ಲಿ 1,800 ಹಾಕಿದ್ದಕ್ಕೆ ಅದೇ ವಾರ ಅವರ ಪ್ರತಿನಿಧಿಯ ಫೋನು: "ಸರ್, ರೇಟ್ ಮ್ಯಾಚ್ ಆಗ್ತಿಲ್ಲ, ಇವತ್ತೇ ಸರಿ ಮಾಡಿಬಿಡಿ." ಕಮಿಷನ್ ಉಳಿದ ಕಡೆ ಆ ಉಳಿತಾಯವನ್ನು ಗಿರಾಕಿಗೆ ಬಿಟ್ಟುಕೊಡಲು ಇನ್ನೊಬ್ಬರ ಅಪ್ಪಣೆ ಯಾಕೆ ಬೇಕು? ಏಟು ಬೀಳುವುದು ನಮಗಷ್ಟೇ ಅಲ್ಲ. ನಾಳೆ ಅರ್ಧ ಕಮಿಷನ್ನಿಗೆ ಹೊಸ ಆ್ಯಪ್ ಒಂದು ಬಂದರೂ ಅಲ್ಲಿ ನಾವು ದರ ಇಳಿಸಲಾಗದಿದ್ದರೆ ಗಿರಾಕಿ ಅತ್ತ ತಲೆ ಹಾಕಿಯೂ ಮಲಗುವುದಿಲ್ಲ.

ಮಾರುಕಟ್ಟೆಯಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಹಿಡಿದದ್ದೂ ಇಂಥದ್ದನ್ನೇ. ಆ ಪ್ರಕರಣದ ಕಂಪನಿಗಳು ಬೇರೆ, ನಾವಿರುವ ಆ್ಯಪ್ ಬೇರೆ. 2022ರ ಅಕ್ಟೋಬರಿನಲ್ಲಿ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಹೋಟೆಲುಗಳ ಜೊತೆಗಿನ ಒಪ್ಪಂದದಿಂದ ಸಮಾನ ದರದ ಷರತ್ತನ್ನು ತೆಗೆಯುವಂತೆ ಮೇಕ್‌ಮೈಟ್ರಿಪ್‌ಗೆ ಹೇಳಿತು. ಮೇಕ್‌ಮೈಟ್ರಿಪ್ ಓಯೋ ಜೊತೆ ಮಾಡಿಕೊಂಡ ಒಪ್ಪಂದದಿಂದ ಓಯೋದ ಪ್ರತಿಸ್ಪರ್ಧಿ ಹೋಟೆಲ್ ಸರಣಿಗಳಾದ ಟ್ರೀಬೊ, ಫ್ಯಾಬ್‌ಹೋಟೆಲ್ಸ್ ಮೇಕ್‌ಮೈಟ್ರಿಪ್ ಪಟ್ಟಿಯಿಂದ ಹೊರಬಿದ್ದದ್ದೂ ಅದೇ ಪ್ರಕರಣದಲ್ಲಿತ್ತು. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಕಂಪನಿ ದೊಡ್ಡದಾಗುವುದನ್ನು ತಡೆಯುವುದಿಲ್ಲ, ಆ ಬಲದ ದುರುಪಯೋಗವನ್ನು ತಡೆಯುತ್ತದೆ. ನಮ್ಮಂಥ ಸಣ್ಣವರಿಗೆ ಇದು ನಿಜಕ್ಕೂ ದೊಡ್ಡ ಆಸರೆ.

ಆಮೇಲೆ ನಮಗೂ ಫೋನ್ ಬರುವುದು ನಿಂತಿತು. ಆದರೆ ವೆಬ್‌ಸೈಟಿನಲ್ಲಿ ದರ ಇಳಿಸಿದಾಗಲೆಲ್ಲ ಆ್ಯಪಿನ ಪಟ್ಟಿಯಲ್ಲಿ ನಮ್ಮ ಹೆಸರು ಎರಡನೇ ಪುಟಕ್ಕೆ ಜಾರುತ್ತದೆ. ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎನ್ನುವುದಕ್ಕೆ ಮುಖ್ಯ ಮಾನದಂಡ ಏನೆಂದು ತಿಳಿಸಬೇಕು ಎನ್ನುತ್ತವೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು. ಕೇಳಿದರೆ ಸಿಗುವ ಉತ್ತರ, "ಅದು ಸಿಸ್ಟಮ್ ಮಾಡತ್ತೆ ಸರ್."

ಎರಡು ಸ್ಟಾರ್ ಕಡಿಮೆ ಕೊಟ್ಟದ್ದು ಇದಕ್ಕೇ. ಕೋಲ್ವಾಕ್ಕೆ ಬರುವವರು ಆ್ಯಪಿನಲ್ಲಿ ಹುಡುಕಿ, ಅಡ್ಡಿಯಿಲ್ಲ. ದುಡ್ಡು ಕಟ್ಟುವ ಮುಂಚೆ ಲಾಡ್ಜಿಗೂ ಒಂದು ಫೋನ್ ಮಾಡಿ ದರ ಕೇಳಿ.